ಮಂಡಿ ಆಪರೇಷನ್ ಆದರೂ ನೋವು ಹೋಗಿಲ್ಲವೇ? ನರಕ್ಕೆ ಕರೆಂಟು ಕೊಡಿಸುವ ಮೊದಲು, ಕೊಡಿಸುವಾಗ

ಕೊಡಗಿನ ನಾಪೋಕ್ಲು ಕಡೆಯ ಒಂದು ಮನೆ. ಕಕ್ಕಡ ತಿಂಗಳ ಮಳೆ ಹಿಡಿದಿತ್ತು. ಮಂಡಿ ಬದಲಾಯಿಸಿಕೊಂಡು ಏಳು ತಿಂಗಳಾಗಿದ್ದ ಅಕ್ಕ ಒಬ್ಬರು ತಾವು ರಾತ್ರಿ ಮಲಗುವ ರೀತಿ ತೋರಿಸಿದರು. ಮಂಡಿಯ ಮೇಲೆ ಬಿದಿರಿನ ಕುಕ್ಕೆಯನ್ನು ಬೋರಲು ಇಟ್ಟುಕೊಳ್ಳುವುದು, ಅದರ ಮೇಲಿಂದ ಕಂಬಳಿ ಹೊದೆಯುವುದು. ಕಂಬಳಿ ಚರ್ಮಕ್ಕೆ ತಾಗಿದರೆ ಸಾಕು, ಮೆಣಸಿನಪುಡಿ ಹಾಕಿದ ಹಾಗೆ ಉರಿಯುತ್ತಿತ್ತಂತೆ. “ಎಕ್ಸ್‌ರೇ ಚೆನ್ನಾಗಿದೆ ಅಂತಾರೆ ತಂಗಿ. ಹಾಗಾದ್ರೆ ಈ ಉರಿ ನನ್ನ ತಲೆಯೊಳಗೆ ಮಾತ್ರ ಇದೆಯಾ?” ಎಂದು ಕೇಳಿದರು.

ಅಲ್ಲವೇ ಅಲ್ಲ. ನಾನು ಫಿಸಿಯೋಥೆರಪಿಸ್ಟ್. ಮಂಡಿ ಆಪರೇಷನ್ ಆದವರ ಮನೆಗೆ ಹೋಗಿ ವ್ಯಾಯಾಮ ಮಾಡಿಸುವುದು ನನ್ನ ಕೆಲಸ. ಇಂಥ ಪ್ರಶ್ನೆ ಮತ್ತೆ ಮತ್ತೆ ಕೇಳಿದ್ದೇನೆ. ಮಂಡಿ ಬದಲಾಯಿಸಿಕೊಂಡವರಲ್ಲಿ ಸುಮಾರು ಐವರಿಗೆ ಒಬ್ಬರಂತೆ ನೋವು ಉಳಿದುಬಿಡುತ್ತದೆ. ಹಾಕಿದ ಲೋಹಕ್ಕೂ ಪ್ಲಾಸ್ಟಿಕ್ಕಿಗೂ ನೋವಾಗುವುದಿಲ್ಲ, ನಿಜ. ಆದರೆ ಅದರ ಸುತ್ತಲಿನ ಮೂಳೆ, ಸ್ನಾಯು, ಚರ್ಮ, ನರ ಎಲ್ಲವೂ ನಿಮ್ಮವೇ. ಅವು ಎಕ್ಸ್‌ರೇಯಲ್ಲಿ ಮಾತಾಡುವುದಿಲ್ಲ, ಅಷ್ಟೇ.

ಈಗ ಎಲ್ಲರ ಬಾಯಲ್ಲೂ “ನರಕ್ಕೆ ಕರೆಂಟು ಕೊಟ್ಟರೆ ನೋವು ಹೋಗುತ್ತಂತೆ” ಎನ್ನುವ ಮಾತಿದೆ. ಕೆಲವರಿಗೆ ನಿಜವಾಗಿಯೂ ಹೋಗುತ್ತದೆ, ಕೆಲವರಿಗೆ ಅರ್ಧ ಇಳಿಯುತ್ತದೆ, ಕೆಲವರಿಗೆ ದುಡ್ಡು ಮಾತ್ರ ಹೋಗುತ್ತದೆ. ನಿಮ್ಮದು ಯಾವ ನೋವು ಎಂದು ಮೊದಲು ತಿಳಿದುಕೊಂಡರೆ ದುಡ್ಡೂ ಉಳಿಯುತ್ತದೆ, ಮಂಡಿಯೂ ಉಳಿಯುತ್ತದೆ. ಅದಕ್ಕೇ ಈ ಲೇಖನದ ಅರ್ಧ ಭಾಗ ಕರೆಂಟಿಗಿಂತ ಮೊದಲಿನ ಕೆಲಸದ ಬಗ್ಗೆ ಇದೆ. ದಯವಿಟ್ಟು ಅದನ್ನು ಬಿಟ್ಟು ಮುಂದೆ ಹೋಗಬೇಡಿ.

ಮೊದಲು ತಿಂಗಳು ಎಣಿಸಿ

ಆಪರೇಷನ್ ಆಗಿ ಮೂರು ತಿಂಗಳು ಆಗಿಲ್ಲ ಎಂದರೆ ನೋವು, ಊತ, ಬಿಸಿ ಇರುವುದು ಸಹಜ. ಊತ ಕೆಲವರಿಗೆ ಇನ್ನೂ ಹಲವು ತಿಂಗಳು ಇರುತ್ತದೆ. ನೋಡಬೇಕಾದ್ದು ಒಂದೇ: ತಿಂಗಳಿಂದ ತಿಂಗಳಿಗೆ ಇಳಿಯುತ್ತಿದೆಯಾ, ಇಲ್ವಾ? ಮೂರು ತಿಂಗಳು ದಾಟಿದರೂ ನಿಂತಲ್ಲೇ ನಿಂತಿದ್ದರೆ, ಅಥವಾ ಕಡಿಮೆಯಾಗಿದ್ದು ಮತ್ತೆ ಏರಿದ್ದರೆ, “ಇನ್ನೂ ಸ್ವಲ್ಪ ದಿನ ನೋಡೋಣ” ಎಂದು ವರ್ಷ ಕಳೆಯಬೇಡಿ. ನಮ್ಮ ಹಿರಿಯರು ನೋವು ನುಂಗಿಕೊಂಡೇ ಬದುಕಿದವರು. ಈ ವಿಷಯದಲ್ಲಿ ಮಾತ್ರ ಅದು ಬೇಡ. ತುಂಬಾ ದಿನ ನೋವನ್ನೇ ಸಾಗಿಸಿದ ನರಗಳು ಸಣ್ಣ ಸ್ಪರ್ಶಕ್ಕೂ ಜಾಸ್ತಿ ಕೂಗುವುದನ್ನು ಕಲಿತುಬಿಡುತ್ತವೆ.

ಒಂದು ವಾರ ಬರೆದಿಡಿ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಬೆಳಿಗ್ಗೆ, ಸಂಜೆ, ರಾತ್ರಿ ನೋವಿಗೆ 0ಯಿಂದ 10ರವರೆಗೆ ಒಂದು ಅಂಕ ಕೊಡಿ. ಪಕ್ಕದಲ್ಲಿ ಆ ಹೊತ್ತಿಗೆ ಏನು ಮಾಡುತ್ತಿದ್ದಿರಿ ಎಂದು ಬರೆಯಿರಿ. ಎಷ್ಟು ಗಂಟೆ ನಿದ್ದೆ ಬಂತು, ಅದೂ ಇರಲಿ.

ಇನ್ನು ನೋವಿಗೆ ಹೆಸರಿಡಿ. ಸುಮ್ನೆ “ನೋವು” ಎಂದರೆ ಡಾಕ್ಟರಿಗೆ ಏನೂ ಗೊತ್ತಾಗುವುದಿಲ್ಲ. ಉರಿಯೇ? ಚಳಕೇ? ಜೋಮೇ? ಇರುವೆ ಹರಿದ ಹಾಗೆಯೇ? ಶಾಕ್ ಹೊಡೆದ ಹಾಗೆಯೇ? ಬಟ್ಟೆ ತಾಗಿದರೆ ಉರಿಯುತ್ತದೆಯೇ? ಇವೆಲ್ಲ ನರದ ನೋವಿನ ಗುರುತುಗಳು. ಅದಲ್ಲದೆ ಕಾಲಿಗೆ ಭಾರ ಬಿಟ್ಟಾಗ ಮಾತ್ರ ಆಳದಲ್ಲಿ ನೋಯುವುದು, ಇಳಿಜಾರಿನಲ್ಲಿ ಮಂಡಿ ಜಾರಿದ ಹಾಗೆ ಆಗುವುದು, ಕುರ್ಚಿಯಿಂದ ಏಳುವಾಗ ಚಿಪ್ಪಿನ ಮುಂದೆ ಹಿಡಿಯುವುದು, ಇವು ಹಾಕಿದ ಕೀಲನ್ನೋ ಸ್ನಾಯುವನ್ನೋ ನೋಡಿ ಎಂದು ಹೇಳುತ್ತವೆ. ಎರಡೂ ಒಟ್ಟಿಗೆ ಇರಬಹುದು.

ಆಮೇಲೆ ಒಂದು ಸಣ್ಣ ಪರೀಕ್ಷೆ. ಕಣ್ಣು ಮುಚ್ಚಿ ಕುಳಿತುಕೊಳ್ಳಿ. ಮನೆಯವರು ಹತ್ತಿಯ ತುಂಡಿನಿಂದ ಮೊದಲು ಒಳ್ಳೆಯ ಮಂಡಿ, ಆಮೇಲೆ ಆಪರೇಷನ್ ಆದ ಮಂಡಿ ಸವರಲಿ. ಗಾಯದ ಗೆರೆಯ ಹೊರಬದಿಯಲ್ಲಿ ಒಂದು ಅಂಗೈಯಷ್ಟು ಜಾಗ ಮರಗಟ್ಟಿದ್ದರೆ ಹೆದರಬೇಡಿ. ಮುಂದಿನಿಂದ ಕೊಯ್ಯುವಾಗ ಸಫೀನಸ್ ನರದ ಒಂದು ಸಣ್ಣ ಕವಲು ಕತ್ತರಿಸಿ ಹೋಗುತ್ತದೆ, ತುಂಬಾ ಜನರಿಗೆ ಹೀಗಾಗುತ್ತದೆ. ಆದರೆ ಅದೇ ಕವಲಿನ ತುದಿ ಗಂಟುಕಟ್ಟಿದರೆ ತೊಂದರೆ ಶುರು. ಆಗ ಒಂದು ನಿರ್ದಿಷ್ಟ ಜಾಗಕ್ಕೆ ಬೆರಳಿನಿಂದ ತಟ್ಟಿದರೆ ಶಾಕ್ ಹೊಡೆದ ಹಾಗೆ ಚಳಕು ಹರಿಯುತ್ತದೆ. ಆ ಜಾಗಕ್ಕೆ ಪೆನ್ನಿನಿಂದ ಗುರುತು ಹಾಕಿ, ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಕುಕ್ಕೆಯ ಅಕ್ಕನ ನೋವು ಹೀಗೇ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿತ್ತು. ಏಳು ತಿಂಗಳಲ್ಲಿ ಯಾರೂ ಅಲ್ಲಿ ಬೆರಳಿಟ್ಟು ನೋಡಿರಲಿಲ್ಲ. ಎಲ್ಲರೂ ಎಕ್ಸ್‌ರೇ ನೋಡಿದ್ದರು. ಮನೆಗೆ ಹೋಗಿ ಬರುತ್ತಿದ್ದ ನಾನೂ ಮೊದಲ ಎರಡು ಸಲ ವ್ಯಾಯಾಮವನ್ನಷ್ಟೇ ಮಾಡಿಸಿ ಬಂದಿದ್ದೆ. ಆ ಬೇಸರ ನನಗೆ ಇವತ್ತಿಗೂ ಇದೆ.

ಆಪರೇಷನ್ ಮಾಡಿದವರ ಬಳಿ ಮತ್ತೆ ಹೋಗಿ

ಇದು ತಪ್ಪಿಸಬಾರದ ಹೆಜ್ಜೆ. ಕೀಲಿನೊಳಗೆ ಸೋಂಕು ಇದ್ದಾಗ ಕರೆಂಟು ಕೊಟ್ಟು ನೋವು ಮುಚ್ಚಿಟ್ಟರೆ ಸೋಂಕು ಒಳಗೇ ಬೆಳೆಯುತ್ತದೆ. ಹಾಗಾಗಿ ಮೊದಲು ಇಎಸ್‌ಆರ್, ಸಿಆರ್‌ಪಿ ಎಂಬ ಎರಡು ರಕ್ತಪರೀಕ್ಷೆ. ಅನುಮಾನ ಬಂದರೆ ಸೂಜಿಯಿಂದ ಕೀಲಿನ ನೀರು ತೆಗೆದು ಪರೀಕ್ಷಿಸುತ್ತಾರೆ. ಇಲ್ಲಿ ಒಂದು ಎಚ್ಚರಿಕೆ. ಮೆಡಿಕಲ್ ಶಾಪಿನಿಂದ ನೀವೇ ಆಂಟಿಬಯಾಟಿಕ್ ತಂದು ನುಂಗಬೇಡಿ. ನುಂಗಿದ್ದರೆ ಡಾಕ್ಟರಿಗೆ ಹೇಳಿಬಿಡಿ. ಒಳಗೆ ಸೋಂಕಿದ್ದರೂ ಆ ನೀರಿನಲ್ಲಿ ಕಾಣದೆ ಹೋಗಬಹುದು.

ಕೀಲು ಸಡಿಲವಾಗಿದೆಯೇ, ಸರಿಯಾಗಿ ಕೂತಿದೆಯೇ, ಅತ್ತಿತ್ತ ಆಡುತ್ತಿದೆಯೇ ಎಂದು ನಿಂತುಕೊಂಡು ತೆಗೆಸಿದ ಎಕ್ಸ್‌ರೇಯಲ್ಲಿ, ಕೈಯಿಂದ ಮುಟ್ಟಿ ನೋಡುವುದರಲ್ಲಿ ಗೊತ್ತಾಗುತ್ತದೆ. ಸೊಂಟದ ಕೀಲು ಮತ್ತು ಬೆನ್ನು ಕೂಡ ನೋಡಿಸಿ. ಸೊಂಟದ ಕೀಲು ಸವೆದಿದ್ದರೂ ಮಂಡಿಯಲ್ಲೇ ನೋವು ಕಾಣಿಸಿಕೊಳ್ಳುವುದುಂಟು.

ಜ್ವರ, ಗಾಯದಿಂದ ಕೀವು, ಮಂಡಿ ಇದ್ದಕ್ಕಿದ್ದಂತೆ ಕೆಂಪಾಗಿ ಬಿಸಿಯಾಗಿ ಊದುವುದು, ಮೀನಖಂಡದಲ್ಲಿ ನೋವು ಊತ, ಉಸಿರಾಟದ ತೊಂದರೆ: ಇವುಗಳಲ್ಲಿ ಯಾವುದಿದ್ದರೂ ಈ ಲೇಖನ ಇಲ್ಲಿಗೇ ಬಿಟ್ಟು ಇವತ್ತೇ ಆಸ್ಪತ್ರೆಗೆ ಹೋಗಿ.

ಇದೆಲ್ಲ ಸರಿಯಾಗಿದ್ದು ನೋವು ನರದ್ದು ಎಂದು ಕಂಡರೆ ಸಾಮಾನ್ಯವಾಗಿ ಮೊದಲು ಮಾತ್ರೆ: ಪ್ರೀಗಾಬಲಿನ್, ಗ್ಯಾಬಾಪೆಂಟಿನ್, ಡುಲೊಕ್ಸೆಟಿನ್ ಅಥವಾ ಅಮಿಟ್ರಿಪ್ಟಿಲಿನ್. ಇವು ಕೆಲಸ ಮಾಡಲು ಕೆಲವು ವಾರ ಬೇಕು. ತಲೆ ತಿರುಗುವುದು, ತೂಕಡಿಕೆ ಇರುತ್ತದೆ, ಹಾಗಾಗಿ ಪಾಚಿಗಟ್ಟಿದ ಅಂಗಳದಲ್ಲಿ ಜೋಪಾನ. ನಿಮಗೆ ನೀವೇ ಒಮ್ಮೆಲೇ ನಿಲ್ಲಿಸಬೇಡಿ.

ಕರೆಂಟಿನ ಮೊದಲ ಮೆಟ್ಟಿಲು: ಟೆನ್ಸ್

ಬಾಗಿಲ ಹೊಸ್ತಿಲಿಗೆ ಮಂಡಿ ಬಡಿದರೆ ನಾವು ತಕ್ಷಣ ಏನು ಮಾಡುತ್ತೇವೆ? ಕೈಯಿಂದ ಉಜ್ಜುತ್ತೇವೆ ಅಲ್ವಾ? ಉಜ್ಜಿದಾಗ ಸ್ಪರ್ಶದ ಸುದ್ದಿ ದಪ್ಪ ನರತಂತುಗಳಲ್ಲಿ ಬೇಗ ಓಡಿ ಬೆನ್ನುಹುರಿ ಮುಟ್ಟುತ್ತದೆ. ನೋವಿನ ಸುದ್ದಿ ಸಣ್ಣ ತಂತುಗಳಲ್ಲಿ ನಿಧಾನವಾಗಿ ಬರುತ್ತದೆ. ಬರುವಷ್ಟರಲ್ಲಿ ಬೆನ್ನುಹುರಿಯಲ್ಲಿ, ತೋಟದ ಗೇಟಿನ ಹಾಗೆ, ದಾರಿ ಅರ್ಧ ಮುಚ್ಚಿರುತ್ತದೆ. 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಈ ‘ಗೇಟ್’ ವಿವರಣೆ ಕೊಟ್ಟರು. ಇವತ್ತಿನ ನರ ಪ್ರಚೋದನೆಯ ಯಂತ್ರಗಳು ಬೆಳೆದದ್ದು ಆ ಯೋಚನೆಯಿಂದಲೇ.

ಟೆನ್ಸ್ ಎಂದರೆ ಅಂಗೈಯಲ್ಲಿ ಹಿಡಿಯುವ ಬ್ಯಾಟರಿ ಯಂತ್ರ, ವೈರು, ಅಂಟಿಸುವ ಪ್ಯಾಡು. ಎರಡು-ಮೂರು ಸಾವಿರ ರೂಪಾಯಿಗೂ ಸಿಗುತ್ತದೆ. ನೇರವಾಗಿ ಹೇಳುತ್ತೇನೆ: ಹಳೆಯ ನೋವಿಗೆ ಇದು ಖಂಡಿತ ಕೆಲಸ ಮಾಡುತ್ತದೆ ಎನ್ನುವಷ್ಟು ಗಟ್ಟಿ ಪುರಾವೆ ಇಲ್ಲ. ಆದರೆ ಕೊಯ್ಯುವುದಿಲ್ಲ, ಚುಚ್ಚುವುದಿಲ್ಲ, ಸರಿಯಾಗಿ ಬಳಸಿದರೆ ಅಪಾಯ ಕಡಿಮೆ. ಹಾಗಾಗಿ ದೊಡ್ಡ ಖರ್ಚಿಗೆ ಮೊದಲು ಒಂದು ತಿಂಗಳು ಇದನ್ನು ಶ್ರದ್ಧೆಯಿಂದ ಮಾಡಿ ನೋಡಿ ಎನ್ನುವುದು ನನ್ನ ಅಭಿಪ್ರಾಯ.

ಪೇಸ್‌ಮೇಕರ್ ಇರುವವರು, ಮೂರ್ಛೆರೋಗ ಇರುವವರು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿರುವ ಅನುಮಾನ ಇರುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಡಾಕ್ಟರನ್ನು ಕೇಳದೆ ಮುಟ್ಟಬಾರದು. ಮಂಡಿಯೊಳಗೆ ಲೋಹ ಇದೆ ಎಂಬ ಒಂದೇ ಕಾರಣಕ್ಕೆ ಟೆನ್ಸ್ ಬಿಡಬೇಕಾಗಿಲ್ಲ. ಆದರೆ ಶಾರ್ಟ್‌ವೇವ್ ಡಯಾಥರ್ಮಿ ಎಂಬ ಬಿಸಿ ಚಿಕಿತ್ಸೆ ಬೇರೆ. ಅದು ಲೋಹವನ್ನು ಕಾಯಿಸುತ್ತದೆ, ಬದಲಾಯಿಸಿದ ಮಂಡಿಗೆ ಬೇಡ. ಎಲ್ಲವನ್ನೂ “ಕರೆಂಟ್ ಟ್ರೀಟ್‌ಮೆಂಟ್” ಎಂದೇ ಕರೆಯುವುದರಿಂದ ಗೊಂದಲವಾಗುತ್ತದೆ. ಯಾವ ಯಂತ್ರ ಎಂದು ಹೆಸರು ಕೇಳಿ. ಕೇಳಲು ಸಂಕೋಚ ಬೇಡ, ನಮ್ಮಂಥವರು ಹೇಳಲೇಬೇಕು.

ಇನ್ನು ಹಚ್ಚುವ ಕ್ರಮ. ಮೊದಲು ಮಂಡಿಯನ್ನು ಸೋಪು ನೀರಿನಲ್ಲಿ ತೊಳೆದು ಒಣಗಿಸಿ. ನೋವಿನ ಎಣ್ಣೆ, ಮುಲಾಮು ಸ್ವಲ್ಪವೂ ಇರಬಾರದು, ಇದ್ದರೆ ಪ್ಯಾಡು ಅಂಟುವುದೂ ಇಲ್ಲ, ಕರೆಂಟು ಒಂದೇ ಕಡೆ ಚುಚ್ಚುತ್ತದೆ. ನಾಲ್ಕು ಪ್ಯಾಡು ಇದ್ದರೆ ಚಿಪ್ಪಿನ ಮೇಲುಗಡೆ ಒಳಗೊಂದು ಹೊರಗೊಂದು, ಕೆಳಗೆ ಒಳಗೊಂದು ಹೊರಗೊಂದು. ಗಾಯದ ಗೆರೆಯ ಮೇಲೆ ಬೇಡ. ಮರಗಟ್ಟಿದ ಜಾಗದ ಮೇಲೂ ಬೇಡ, ಅಲ್ಲಿ ಸುಟ್ಟರೂ ಗೊತ್ತಾಗುವುದಿಲ್ಲ. ಮುಟ್ಟಿದರೆ ಉರಿಯುವ ಜಾಗ ಇದ್ದರೆ ಅದರ ಮೇಲೆ ಅಂಟಿಸದೆ ಸ್ವಲ್ಪ ಮೇಲೆ, ತೊಡೆಯ ಕಡೆ ಅಂಟಿಸಿ.

ಯಂತ್ರದಲ್ಲಿ 80ರಿಂದ 100 ಹರ್ಟ್ಜ್ ಇಟ್ಟು ಶುರು ಮಾಡಿ. ನಿಧಾನವಾಗಿ ಏರಿಸಿ. ‘ಜುಮ್’ ಎಂದು ಗಟ್ಟಿಯಾಗಿ ಗೊತ್ತಾಗಬೇಕು, ನೋಯಬಾರದು. ಹತ್ತು ನಿಮಿಷದಲ್ಲಿ ಮೈ ಅದಕ್ಕೆ ಒಗ್ಗಿಕೊಂಡು ‘ಜುಮ್’ ಕಡಿಮೆ ಅನ್ನಿಸಿದರೆ ಇನ್ನೊಂದು ಮೆಟ್ಟಿಲು ಏರಿಸಿ. ತುಂಬಾ ಜನ ಹೆದರಿ ಗೊತ್ತಾಗದಷ್ಟು ಕಡಿಮೆ ಇಟ್ಟುಕೊಂಡು “ಪ್ರಯೋಜನ ಇಲ್ಲ” ಎಂದು ಮೂಲೆಗೆ ಹಾಕುತ್ತಾರೆ. ಒಂದು ಸಲಕ್ಕೆ 30ರಿಂದ 40 ನಿಮಿಷ, ದಿನಕ್ಕೆ ಎರಡು ಸಲ ಸಾಕು. ಯಂತ್ರ ಓಡುತ್ತಿರುವಾಗ ನೋವು ಕಡಿಮೆ ಇರುತ್ತದೆ. ಆ ಹೊತ್ತನ್ನು ಮಂಚದ ಮೇಲೆ ಕಳೆಯಬೇಡಿ. ಮಂಡಿ ಮಡಿಸುವ ವ್ಯಾಯಾಮ, ಜಗುಲಿಯಲ್ಲಿ ನಾಲ್ಕು ಸುತ್ತು ನಡಿಗೆ ಅದೇ ಹೊತ್ತಿಗೆ ಆಗಲಿ. ನಿದ್ದೆ ಮಾಡುವಾಗ, ಸ್ನಾನದಲ್ಲಿ, ಗಾಡಿ ಓಡಿಸುವಾಗ ಮಾತ್ರ ಬೇಡ.

ಮಳೆಗಾಲದಲ್ಲಿ ನಮ್ಮ ಕಡೆ ಪ್ಯಾಡಿಗೂ ಬೂಷ್ಟು ಬರುತ್ತದೆ. ಬಳಸಿದ ಕೂಡಲೇ ಅದರ ಪ್ಲಾಸ್ಟಿಕ್ ಹಾಳೆಗೆ ಅಂಟಿಸಿ ಗಾಳಿಯಾಡದ ಡಬ್ಬಿಯಲ್ಲಿಡಿ. ಅಂಟು ಹೋದ ಪ್ಯಾಡಿಗೆ ಟೇಪು ಸುತ್ತಿ ಬಳಸಬೇಡಿ, ಹೊಸದು ತನ್ನಿ.

ಪೇನ್ ಕ್ಲಿನಿಕ್‌ಗೆ ಹೋಗುವ ಹೊತ್ತು

ಟೆನ್ಸ್, ಮಾತ್ರೆ, ವ್ಯಾಯಾಮ ಮೂರನ್ನೂ ಸರಿಯಾಗಿ ಮಾಡಿದರೂ ನೋಟ್‌ಬುಕ್ಕಿನ ಅಂಕ ಇಳಿಯದಿದ್ದರೆ ನೋವಿನ ತಜ್ಞರನ್ನು ನೋಡಿ. ಇವರಲ್ಲಿ ಹೆಚ್ಚಿನವರು ಅರಿವಳಿಕೆ ಓದಿಕೊಂಡವರು. ಮಡಿಕೇರಿಯ ಜಿಲ್ಲಾ ಆಸ್ಪತ್ರೆ ಈಗ ವೈದ್ಯಕೀಯ ಕಾಲೇಜಿನದ್ದೇ ಆದ್ದರಿಂದ ಅಲ್ಲಿನ ಮೂಳೆ ವಿಭಾಗದಿಂದ ಒಂದು ಚೀಟಿ ಬರೆಸಿಕೊಳ್ಳಬಹುದು. ಮುಂದಿನ ಚಿಕಿತ್ಸೆಗೆ ಮೈಸೂರು, ಮಂಗಳೂರು ಅಥವಾ ಬೆಂಗಳೂರಿನ ದೊಡ್ಡ ಆಸ್ಪತ್ರೆಗಳನ್ನು ವಿಚಾರಿಸಬೇಕು. ಹೊರಡುವ ಮೊದಲೇ ಫೋನ್ ಮಾಡಿ, “ಮಂಡಿಯ ನರಕ್ಕೆ ಸ್ಟಿಮ್ಯುಲೇಷನ್ ನಿಮ್ಮಲ್ಲಿ ಮಾಡುತ್ತೀರಾ?” ಎಂದು ಕೇಳಿ.

ಅಲ್ಲಿ ಮೊದಲು ಬ್ಲಾಕ್ ಎಂಬ ಪರೀಕ್ಷೆ ಮಾಡಬಹುದು. ಅಲ್ಟ್ರಾಸೌಂಡಿನಲ್ಲಿ ನೋಡಿಕೊಂಡು, ಅನುಮಾನದ ನರದ ಪಕ್ಕ ಮರಗಟ್ಟುವ ಔಷಧಿ ಹಾಕುತ್ತಾರೆ. ಕೆಲವು ಗಂಟೆ ನೋವು ಮಾಯವಾದರೆ ಕಳ್ಳ ಆ ನರವೇ. ಆ ಕೆಲವು ಗಂಟೆ ತುಂಬಾ ಬೆಲೆಯುಳ್ಳದ್ದು. ಎದ್ದು ನಡೆಯಿರಿ, ಮೆಟ್ಟಿಲು ಹತ್ತಿ ನೋಡಿ, ಗಂಟೆಗೊಮ್ಮೆ ಅಂಕ ಬರೆಯಿರಿ. ಕುಕ್ಕೆಯ ಅಕ್ಕನಿಗೆ ಆ ದಿನ ಬ್ಲಾಕ್ ಆದ ಮೇಲೆ ಸೀರೆಯ ನೆರಿಗೆ ಮಂಡಿಗೆ ತಾಗಿದ್ದು ಗೊತ್ತೇ ಆಗಲಿಲ್ಲವಂತೆ. ಫೋನಿನಲ್ಲಿ ಹೇಳುವಾಗ ಅತ್ತರು.

ಇಲ್ಲಿ ಎರಡು ಚಿಕಿತ್ಸೆಗಳ ಹೆಸರು ಕಲಸಿಹೋಗುತ್ತವೆ. ರೇಡಿಯೋ ಫ್ರೀಕ್ವೆನ್ಸಿ ಎಂದರೆ ಮಂಡಿಯ ಸುತ್ತಲಿನ ಜೆನಿಕ್ಯುಲರ್ ನರಗಳನ್ನು ಸೂಜಿಯ ತುದಿಯ ಬಿಸಿಯಿಂದ ಸುಡುವುದು. ನರ ಮತ್ತೆ ಬೆಳೆಯುತ್ತದೆ, ಹಾಗಾಗಿ ಆರಾಮ ಸಿಕ್ಕರೂ ಅದು ತಿಂಗಳುಗಳ ಲೆಕ್ಕ. ಸ್ಟಿಮ್ಯುಲೇಷನ್ ಎಂದರೆ ನರವನ್ನು ಸುಡದೆ ಅದಕ್ಕೆ ಸಣ್ಣ ಮಿಡಿತ ಕೊಡುತ್ತಾ ಇರುವುದು. ನಿಮಗೆ ಹೇಳುತ್ತಿರುವುದು ಯಾವುದು ಎಂದು ಬಿಡಿಸಿ ಕೇಳಿ.

ಸ್ಟಿಮ್ಯುಲೇಷನ್‌ನಲ್ಲೂ ಮೆಟ್ಟಿಲುಗಳಿವೆ. ಒಂದು, ತಾತ್ಕಾಲಿಕದ್ದು. ಕೂದಲಿನಷ್ಟು ತೆಳ್ಳಗಿನ ತಂತಿಯನ್ನು ಸೂಜಿಯ ಮೂಲಕ ನರದ ಹತ್ತಿರ ಬಿಟ್ಟು, ಹೊರಗೆ ಮೈಗೆ ಅಂಟಿಸಿದ ಸಣ್ಣ ಯಂತ್ರಕ್ಕೆ ಜೋಡಿಸುತ್ತಾರೆ. 60 ದಿನ ಇಟ್ಟು ತೆಗೆದುಬಿಡುತ್ತಾರೆ. ಮಂಡಿ ಬದಲಾದ ಮೇಲೆ ನೋವು ಉಳಿದವರ ಮೇಲೆ ಅಮೆರಿಕದಲ್ಲಿ ಇದನ್ನು ಪರೀಕ್ಷಿಸಿ 2024ರಲ್ಲಿ ಪ್ರಕಟಿಸಿದರು. ನಿಜವಾದ ಕರೆಂಟು ಸಿಕ್ಕವರಲ್ಲಿ ನೂರಕ್ಕೆ 60 ಮಂದಿಗೆ ನೋವು ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಇಳಿಯಿತು. ಯಂತ್ರ ಅಂಟಿಸಿಯೂ ಕರೆಂಟು ಕೊಡದೆ ಇದ್ದವರಲ್ಲಿ ಅದು ನೂರಕ್ಕೆ 24. ಇದು ಭರವಸೆಯ ಸುದ್ದಿ. ಆದರೆ ಪರೀಕ್ಷೆಗೆ ಸೇರಿದ್ದು 52 ಮಂದಿ ಮಾತ್ರ, ಮತ್ತು ನೂರಕ್ಕೆ 40 ಮಂದಿಗೆ ಅಷ್ಟು ಇಳಿಯಲಿಲ್ಲ ಎನ್ನುವುದನ್ನೂ ನೆನಪಿಡಿ. ತೊಂದರೆಗಳೂ ಇವೆ: ಅಂಟಿನಿಂದ ಚರ್ಮ ತುರಿಸುವುದು, ತಂತಿ ಜರುಗುವುದು, ಸೋಂಕು, ತೆಗೆಯುವಾಗ ತಂತಿಯ ಚೂರು ಒಳಗೇ ಉಳಿಯುವುದು.

ಇನ್ನೊಂದು, ಒಳಗೇ ಕೂರಿಸುವುದು. ಕಾಲಿನ ನರದ ಪಕ್ಕ, ಬೆನ್ನುಹುರಿಯ ಪಕ್ಕ, ಅಥವಾ ನರ ಬೆನ್ನುಮೂಳೆಯಿಂದ ಹೊರಬರುವ ಜಾಗದ ಗಂಟಿನ ಪಕ್ಕ ತಂತಿ ಇಡುತ್ತಾರೆ. ಬೆನ್ನುಹುರಿಗೆ ಹೀಗೆ ಮೊದಲು ಮಾಡಿದ್ದು 1967ರಲ್ಲಿ, ನಾರ್ಮನ್ ಶೀಲಿ ಎಂಬ ನರಶಸ್ತ್ರಚಿಕಿತ್ಸಕರು. ಬೇರೆಲ್ಲ ಮುಗಿದ ಮೇಲೆ ಬರುವ ಮೆಟ್ಟಿಲು ಇದು. ಖರ್ಚು ಲಕ್ಷಗಳ ಲೆಕ್ಕದಲ್ಲಿ. ಅದಕ್ಕೇ ಮೊದಲು ಸುಮಾರು ಒಂದು ವಾರ ಯಂತ್ರವನ್ನು ಹೊರಗಿಟ್ಟು ಟ್ರಯಲ್ ಮಾಡುತ್ತಾರೆ. ನೋವು ಕನಿಷ್ಠ ಅರ್ಧಕ್ಕೆ ಇಳಿದರೆ ಮಾತ್ರ ಒಳಗೆ ಕೂರಿಸುವ ಮಾತು. ಟ್ರಯಲ್ ಇಲ್ಲದೆ ನೇರ ಕೂರಿಸೋಣ ಎಂದರೆ ಇನ್ನೊಬ್ಬ ಡಾಕ್ಟರನ್ನು ಕೇಳಿ.

ಟ್ರಯಲ್ ವಾರವನ್ನು ಹೇಗೆ ಕಳೆಯುತ್ತೀರಿ ಎನ್ನುವುದು ಮುಖ್ಯ. ಆಸ್ಪತ್ರೆಯ ಟೈಲ್ಸ್ ನೆಲದ ಮೇಲೆ ಎಲ್ಲರಿಗೂ ಆರಾಮವೇ. ನಮ್ಮ ಮನೆಗಳು ಹಾಗಿಲ್ಲ. ರಸ್ತೆಯಿಂದ ಮನೆಗೆ ಇಳಿಯಬೇಕು, ಮನೆಯಿಂದ ಕಣಕ್ಕೆ ಹತ್ತಬೇಕು. ತಂತಿ ಜರುಗದಂತೆ ಬಗ್ಗುವುದು, ಭಾರ ಎತ್ತುವುದು ಬೇಡ. ಆದರೆ ಡಾಕ್ಟರು ಒಪ್ಪಿದರೆ ನಿಧಾನವಾಗಿ ಏರು ಹತ್ತಿ ಇಳಿದು ನೋಡಿ. ಟ್ರಯಲ್‌ಗೆ ಮೊದಲೇ ಮೂರು ಕೆಲಸ ಬರೆದಿಡಿ: ರಾತ್ರಿ ಎಚ್ಚರವಾಗದೆ ನಾಲ್ಕು ಗಂಟೆ ನಿದ್ದೆ, ಗೇಟಿನವರೆಗೆ ಹೋಗಿ ಬರುವುದು, ನಿಂತು ಅಡುಗೆ ಮಾಡುವುದು. ನಿಮ್ಮ ಕೆಲಸ ನೀವೇ ಆರಿಸಿ. ವಾರದ ಕೊನೆಗೆ ನೋವಿನ ಅಂಕಕ್ಕಿಂತ ಈ ಮೂರಕ್ಕೆ ಉತ್ತರ ಕೇಳಿಕೊಳ್ಳಿ.

ಕೊಡಗಿನವರು ಮುಂಚೆಯೇ ಯೋಚಿಸಬೇಕಾದ್ದು

ಮೊದಲನೆಯದು ಮಳೆ. 60 ದಿನದ ತಂತಿ ಚರ್ಮದಿಂದ ಹೊರಗೆ ಬಂದಿರುತ್ತದೆ. ಆ ಜಾಗ ಒದ್ದೆಯಾಗಬಾರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಒಗೆದ ಬಟ್ಟೆಯೇ ಒಣಗುವುದಿಲ್ಲ. ತುರ್ತಿಲ್ಲದಿದ್ದರೆ ಕಾಫಿ ಕೊಯ್ಲು ಮುಗಿದ ಮೇಲೆ, ಮಾರ್ಚ್‌ನಲ್ಲಿ ಶುರು ಮಾಡಿ ಮೇ ಒಳಗೆ ಮುಗಿಯುವ ಹಾಗೆ ದಿನ ಕೇಳಿ. ಕಾಫಿ ಹೂ ಅರಳಿಸುವ ಹೂಮಳೆ ಬಂದರೂ ಸಂಭಾಳಿಸಬಹುದು. ಕೊಯ್ಲಿನ ಗಡಿಬಿಡಿಯ ನಡುವೆ ಇಟ್ಟುಕೊಂಡರೆ ಮನೆಯಲ್ಲಿ ನಿಮ್ಮ ಡ್ರೆಸಿಂಗ್ ನೋಡುವವರು ಇರುವುದಿಲ್ಲ.

ಎರಡನೆಯದು ದೂರ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್, ಬೆಂಗಳೂರಿಗೆ ಸುಮಾರು 260. ಮಂಡಿ ಮಡಿಸಿ ಅಷ್ಟು ಹೊತ್ತು ಕೂತರೆ ನೋವು ಏರಿರುತ್ತದೆ, ಡಾಕ್ಟರಿಗೆ ಆ ದಿನದ ನೋವೇ ಕಾಣುತ್ತದೆ. ಹುಣಸೂರಿನಲ್ಲಿ ಇಳಿದು ಹತ್ತು ನಿಮಿಷ ನಡೆಯಿರಿ. ನೋಟ್‌ಬುಕ್ ಜೊತೆಗಿರಲಿ, ಅದರಲ್ಲಿ ಮನೆಯ ದಿನಗಳ ಲೆಕ್ಕ ಇದೆ. ವಾಪಸ್ ಬಂದ ಮೇಲೆ ತಂತಿಯ ಜಾಗ ಕೆಂಪಾದರೆ ಹತ್ತಿರದಲ್ಲಿ ಯಾರಿಗೆ ತೋರಿಸಬೇಕು ಎಂದು ಹೊರಡುವ ಮೊದಲೇ ಕೇಳಿ ಬರೆಸಿಕೊಳ್ಳಿ.

ದುಡ್ಡಿನ ವಿಷಯ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡು ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಇದೆ ಎಂದ ಮಾತ್ರಕ್ಕೆ ಎಲ್ಲ ಚಿಕಿತ್ಸೆಯೂ ಅದರೊಳಗೆ ಬರುತ್ತದೆ ಎಂದಲ್ಲ. ಆಸ್ಪತ್ರೆಯ ಆರೋಗ್ಯಮಿತ್ರರ ಬಳಿ ಚಿಕಿತ್ಸೆಯ ಹೆಸರು ಹೇಳಿ ಪಟ್ಟಿಯಲ್ಲಿದೆಯೇ ಎಂದು ನೋಡಿಸಿ. ಖಾಸಗಿ ವಿಮೆ ಇದ್ದರೆ ಒಪ್ಪಿಗೆಯನ್ನು ಬರಹದಲ್ಲಿ ತೆಗೆದುಕೊಳ್ಳಿ. ಯಂತ್ರದ ಬೆಲೆಯ ಜೊತೆಗೆ ಮುಂದೆ ಬ್ಯಾಟರಿ ಬದಲಾಯಿಸಬೇಕೇ, ಎಷ್ಟು ವರ್ಷಕ್ಕೆ, ಕೆಟ್ಟರೆ ಯಾರು ನೋಡುತ್ತಾರೆ ಎಂದೂ ಕೇಳಿ.

ಶುಗರ್ ಇರುವವರು ಅದನ್ನು ಹತೋಟಿಗೆ ತಂದ ಮೇಲೆಯೇ ತಂತಿ ಹಾಕಿಸಿಕೊಳ್ಳಿ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ. ಒಳಗೆ ಯಂತ್ರ ಕೂರಿಸಿದ ಮೇಲೆ ಅದರ ಕಾರ್ಡು ಸದಾ ಪರ್ಸಿನಲ್ಲಿರಲಿ. ಎಂಆರ್‌ಐ ಮಾಡಿಸುವಾಗ, ಬೇರೆ ಆಪರೇಷನ್ ಆಗುವಾಗ ಅದನ್ನು ತೋರಿಸಲೇಬೇಕು.

ಕುಕ್ಕೆಯ ಅಕ್ಕನಿಗೆ ಕೊನೆಗೆ ಒಳಗೆ ಕೂರಿಸುವ ಯಂತ್ರ ಬೇಕಾಗಲಿಲ್ಲ. ಎರಡು ಸಲ ಬ್ಲಾಕ್, ರಾತ್ರಿ ಒಂದು ಮಾತ್ರೆ, ಬೆಳಿಗ್ಗೆ ಸಂಜೆ ಟೆನ್ಸ್. ಎಂಟು ಇದ್ದ ಅಂಕ ಮೂರಕ್ಕೆ ಬಂದು ನಿಂತಿದೆ. ಚಳಿ ಜಾಸ್ತಿಯಾದ ರಾತ್ರಿ ಐದಾಗುತ್ತದೆ. ಮಳೆಗಾಲದಲ್ಲಿ ಎರಡು-ಮೂರು ದಿನ ಕರೆಂಟು ಹೋಗುವುದು ಅವರ ಕಡೆ ಮಾಮೂಲು, ಹಾಗಾಗಿ ಚಾರ್ಜ್ ಮಾಡುವ ಯಂತ್ರದ ಬದಲು ಸೆಲ್ ಹಾಕುವಂಥದ್ದನ್ನೇ ತರಿಸಿದೆವು. ಕಳೆದ ಸಲ ಹೋದಾಗ ಕುಕ್ಕೆ ಅಡುಗೆಮನೆಯ ಮೂಲೆಯಲ್ಲಿತ್ತು, ಅದರ ತುಂಬಾ ಕಿತ್ತಳೆ.